ಕಾಕಾಗೆ ಅಡ್ಡ ಬಂದ ನಾಯಿ

ಇಲ್ಲದ ನಾಯಿಯೊಂದನ್ನು ನಾನು ಎರಡು ತಿಂಗಳು ಊರ ತುಂಬ ಬೊಗಳಿಸಿದ್ದೇನೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಮ್ಮೂರಲ್ಲಿ ಈ ಕಥೆ ಹೇಳುವವರೆಲ್ಲ ನನ್ನ ಮಂಗತನದಿಂದಲೇ ಶುರು ಮಾಡುತ್ತಾರೆ, ಅದೂ ನನಗಿಂತ ಚೆನ್ನಾಗಿ.

ಮೊನ್ನೆ ನನ್ನ ಮೂರು ಗಾಲಿಯ ಟಂಟಂನ ಸೀಟಿನ ಕೆಳಗೆ ನಟ್ಟು ಬಿಗಿಯುವ ಪಾನಾ ಹುಡುಕುತ್ತಿದ್ದೆ. ಡೀಸೆಲ್ ವಾಸನೆಯ ನಡುವೆ ತಟ್ಟನೆ ಬೆಲ್ಲದ ವಾಸನೆ ಬಂತು. ಎಣ್ಣೆ ಹತ್ತಿದ ಬಟ್ಟೆಯಡಿ ಒಂದು ಸಣ್ಣ ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದರೆ ಬೆಲ್ಲ ಕರಗಿ ತಳಕ್ಕೆ ಅಂಟಿ ಕಪ್ಪಗಾಗಿತ್ತು; ಇರುವೆಗಳು ನನಗಿಂತ ಮೊದಲೇ ಬಂದಿದ್ದವು. ಹಿಂದೆ ಕೂತ ಶಾಲೆಯ ಮಕ್ಕಳು "ಏನೈತಿ ಮಾಮಾ, ಏನೈತಿ?" ಎಂದು ಕುತ್ತಿಗೆ ಚಾಚಿದರು. ನಾನು ಮುಚ್ಚಳ ಹಾಕಿಬಿಟ್ಟೆ... ಕಾಕಾನ ಡಬ್ಬಿ ಅದು.

ಕಾಕಾ ನನ್ನ ರಕ್ತಸಂಬಂಧಿ ಅಲ್ಲ, ಬಾಜೂ ಮನೆಯವ. ನಮ್ಮೂರಿನ ಮಕ್ಕಳನ್ನು ದಿನಾ ಬೆಳಿಗ್ಗೆ ಇದೇ ಟಂಟಂನಲ್ಲಿ ಸಂಶಿಯ ಶಾಲೆಗೆ ಬಿಟ್ಟು ಬರುತ್ತಿದ್ದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೆಗಲಿಗೆ ಟವೆಲ್. ಅವನ ಗಾಡಿಯನ್ನು ಎಮ್ಮೆಗಳು ಹಿಂದೆ ಹಾಕಿ ಹೋಗುತ್ತವೆ ಎಂದು ನಾನು ಆಡಿಕೊಳ್ಳುತ್ತಿದ್ದೆ. ಆದರೆ ತಾಯಂದಿರು ಮಕ್ಕಳನ್ನು ಆ ಗಾಡಿ ಹತ್ತಿಸಿದ ಮೇಲೆ ತಿರುಗಿ ನೋಡುತ್ತಿರಲಿಲ್ಲ. ಅಷ್ಟು ನಂಬಿಕೆ.

ಆಗ ನನ್ನ ಉದ್ಯೋಗ ಏನಪ್ಪಾ ಅಂದರೆ, ಗಾಡಿಯ ಲೈಸೆನ್ಸ್ ಮಾಡಿಸಿ ಕಿಸೆಯಲ್ಲಿಟ್ಟುಕೊಂಡು ಕಟ್ಟೆಯ ಮೇಲೆ ಕೂಡುವುದು. ಊರವರ ನಡಿಗೆ, ಕೆಮ್ಮು, ಗಂಡ ಹೆಂಡಿರ ಜಗಳ, ಎಲ್ಲವನ್ನೂ ಮಾಡಿ ತೋರಿಸುವುದು. ನಗದವರು ಇಬ್ಬರೇ: ನಾನು ಯಾರದನ್ನು ಮಾಡುತ್ತಿದ್ದೆನೋ ಅವರು, ಮತ್ತು ನಮ್ಮಪ್ಪ.

ಒಂದು ಚಳಿಗಾಲದ ಬೆಳಿಗ್ಗೆ ಮನೆ ಮುಂದೆ ಹಲ್ಲುಜ್ಜುತ್ತಿದ್ದೆ. ಟಂಟಂ ನಿಲ್ಲಿಸುವ ತಗಡಿನ ಶೆಡ್ಡು ಊರ ಹೊರಗಿತ್ತು; ಕಾಕಾ ಅಲ್ಲಿಗೆ ಹೋಗಲು ತನ್ನ ಬೈಕ್ ಹತ್ತಿದ. ಸ್ವಲ್ಪ ದೂರ ಹೋದವನು ಟವೆಲ್ಲಿನಿಂದ ಹಣೆ ಒರೆಸಿಕೊಂಡ, ಕುತ್ತಿಗೆ ಒರೆಸಿಕೊಂಡ. ಹ್ಯಾಂಡಲ್ ನಡುಗಿತು. ಆಮೇಲೆ ಚಕ್ಕಡಿಯಿಂದ ಕಡಲೆ ಚೀಲ ಜಾರಿದ ಹಾಗೆ ನಿಧಾನಕ್ಕೆ ಒಂದು ಮಗ್ಗುಲಿಗೆ ಬಿದ್ದ. ಕೈ ಕೂಡ ಊರಲಿಲ್ಲ. ಓಡಿ ಹೋಗಿ ಎತ್ತಿದರೆ ನನ್ನ ಮುಖ ನೋಡಿ, "ಯಾರ ಮಗನಲೇ ನೀ?" ಅಂದ. ಬಾಜೂ ಮನೆಯ ನನ್ನನ್ನು! ನನಗೆ ನಗು ತಡೆಯಲಿಲ್ಲ. ಯಾರೋ ಸಕ್ಕರೆ ಜಾಸ್ತಿ ಹಾಕಿದ ಚಹಾ ತಂದು, ಇನ್ನೂ ಮಂಪರಿನಲ್ಲಿದ್ದವನ ಬಾಯಿಗೆ ಹಿಡಿದರು. ಕುಡಿದು ಒಂದಿಷ್ಟು ಹೊತ್ತಾದ ಮೇಲೆ ಕಾಕಾ ಹೇಳಿದ: "ನಾಯಿ ಅಡ್ಡ ಬಂತಲೇ."

ನನ್ನ ಕಣ್ಣಿಗೆ ನಾಯಿ ಬಿದ್ದಿರಲಿಲ್ಲ. ಆದರೆ ಕಾಕಾ ಹೇಳಿದ ಮೇಲೆ ಇದ್ದಿರಲೇಬೇಕು. ಅಂದು ಸಂಜೆಯೇ ಕಟ್ಟೆಯ ಮೇಲೆ ಕಾಕಾ ಬಿದ್ದದ್ದನ್ನು ಮಾಡಿ ತೋರಿಸಿದೆ, ನಾಯಿಯ ಸಮೇತ. ಟವೆಲ್ಲು, ನಡುಗುವ ಹ್ಯಾಂಡಲ್ಲು, ಕಡಲೆ ಚೀಲ, ಕೊನೆಗೆ "ಬೌ!" ಜನ ಬಿದ್ದು ಬಿದ್ದು ನಕ್ಕರು. ತಿಂಗಳು ಕಳೆಯುವಷ್ಟರಲ್ಲಿ ಕಾಕಾ ಮತ್ತೆ ಬಿದ್ದ. ಅದೇ ಬೆಳಗಿನ ಹೊತ್ತು, ಮತ್ತೆ ನಾಯಿ. ನನ್ನ ಆಟಕ್ಕೆ ಇನ್ನಷ್ಟು ಬೇಡಿಕೆ ಬಂತು.

ಆ ದಿನಗಳಲ್ಲೇ ಆರೋಗ್ಯ ಇಲಾಖೆಯ ಸರ್ವೇ ಅಕ್ಕ ಬಂದದ್ದು. ಯಾರು ಬಿದ್ದಿರಿ, ಯಾರಿಗೆ ಪೆಟ್ಟಾಗಿದೆ, ಯಾರು ತಂಬಾಕು ತಿನ್ನುತ್ತೀರಿ, ಉಪ್ಪು ಎಷ್ಟು ಎಂದು ಮನೆಮನೆಗೆ ಹೋಗಿ ಕೇಳುತ್ತಿದ್ದರು, ಬಿ.ಪಿ. ನೋಡಿ, ಬೆರಳು ಚುಚ್ಚಿ ಸಕ್ಕರೆ ನೋಡುತ್ತಿದ್ದರು. ನಮ್ಮವರೋ, ಕೈಗೆ ಪಟ್ಟಿ ಕಟ್ಟಿಕೊಂಡೇ "ಏನೂ ಆಗಿಲ್ರಿ" ಅನ್ನುವವರು. "ಮತ್ತ ಇದೇನ್ರಿ?" ಅಂದರೆ, "ಇದ ಪೆಟ್ಟಲ್ರಿ, ಕುಡಗೋಲು ತಾಗಿದ್ದು." ಕಾಕಾ ಕೂಡ ನಾಯಿಯನ್ನಷ್ಟೇ ಒಪ್ಪಿಕೊಂಡ. ಬೆರಳು ಮಾತ್ರ ಕೊಡಲಿಲ್ಲ. "ನನ್ನ ರಕ್ತ ನನ್ನ ಮೈಯಾಗ ಇರಲಿ ಬಿಡ್ರಿ" ಅಂದ.

ಸರ್ವೇ ಅಕ್ಕ ಅಲ್ಲಿಂದ ಕಟ್ಟೆಯ ಕಡೆ ಬಂದಾಗ ನನ್ನ ಆಟ ಭರ್ಜರಿ ನಡೆದಿತ್ತು. ಎಲ್ಲರೂ ನಕ್ಕರು, ಅವರು ನಗಲಿಲ್ಲ.

"ತಮ್ಮಾ, ಇಂಥಾ ಥಂಡ್ಯಾಗ ಬೆವರ ಯಾಕ ಒರಸ್ಕೋತಿ?"

"ನಾ ಅಲ್ರಿ ಅಕ್ಕಾರ, ಕಾಕಾ ಒರಸ್ಕೊಂಡಿದ್ದು. ಅಗದಿ ಹಿಂಗ."

"ನಾಯಿ ಬಂದ್ರ ಬ್ರೇಕ್ ಹಾಕ್ತಾರ, ಕೈ ಊರ್ತಾರ. ನೀ ಯಾಕ ಊರಲಿಲ್ಲ?"

"ಕಾಕಾ ಊರಲಿಲ್ರಿ."

"ನಾಯಿ ಯಾವ ಬಣ್ಣದ್ದು?"

ಬಾಯಿ ತೆರೆದೆ. ಬೊಗಳಲು ಬರುತ್ತಿತ್ತು, ಬಣ್ಣ ಬರಲಿಲ್ಲ. "ನಾಯಿ ನಾ ನೋಡಿಲ್ರಿ."

"ಮತ್ತ ಬೊಗಳಿದ್ದು ಯಾರು?"

"...ನಾನ ರೀ."

ಕಟ್ಟೆಯ ಮೇಲಿದ್ದವರು ನಕ್ಕರು. ಈ ಸಲ ನನ್ನ ಆಟಕ್ಕಲ್ಲ, ನನಗೆ. ಅಕ್ಕ ಮಾತ್ರ "ನಡಿ, ಕಾಕಾರ ಮುಂದ ಮಾಡಿ ತೋರಸು" ಅಂದರು.

ಕಾಕಾ ತಾನು ಬಿದ್ದದ್ದನ್ನು ತಾನೇ ನೋಡಿರಲಿಲ್ಲ. ಅವನು ಬಂದರೆ ನಾವು ಆಟ ನಿಲ್ಲಿಸುತ್ತಿದ್ದೆವು. ಅವತ್ತು ಅವನ ಪಡಸಾಲೆಯಲ್ಲಿ ಟವೆಲ್ ಹೆಗಲಿಗೆ ಹಾಕಿಕೊಂಡು ಎಲ್ಲ ಮಾಡಿದೆ. "ಯಾರ ಮಗನಲೇ ನೀ?" ಅನ್ನುವುದನ್ನೂ ಬಿಡಲಿಲ್ಲ. ನಾಯಿಯ ಸರದಿ ಬಂದಾಗ ಬೊಗಳದೆ ಟವೆಲ್ ತೆಗೆದಿಟ್ಟೆ.

ಒಳಗಿನಿಂದ ಕಾಕಾನ ಹೆಂಡತಿ, ನಮ್ಮ ಕಾಕು ಬಂದಳು. ಗೋಡೆಯ ಮಾಡದಿಂದ ಗುಳಿಗೆಯ ಚೀಟಿ ತೆಗೆದು ಅಕ್ಕನ ಮುಂದಿಟ್ಟಳು. "ಆ ನಾಯಿ ಇದ ನೋಡ್ರಿ."

"ಏ, ಸುಮ್ನಿರು" ಅಂದ ಕಾಕಾ.

"ಇಷ್ಟ ದಿನ ಸುಮ್ನಿದ್ದದ್ದು ಸಾಕು. ನಾಳೆ ಮಂದಿ ಮಕ್ಕಳನ್ನ ಹಾಕ್ಕೊಂಡು ಬಿದ್ರ ನಾ ಯಾರಿಗೆ ಮಾರಿ ತೋರಸ್ಲಿ?"

ಕಾಕಾಗೆ ಸಕ್ಕರೆ ಕಾಯಿಲೆ ಇತ್ತು. ಊಟಕ್ಕಿಂತ ಮೊದಲು ನುಂಗಬೇಕೆಂದು ಡಾಕ್ಟರ್ ಹೇಳಿದ್ದ ಗುಳಿಗೆಯನ್ನು ಅವನು ಎದ್ದ ಕೂಡಲೇ ನೀರಿನೊಂದಿಗೆ ನುಂಗುತ್ತಿದ್ದ. ಆದರೆ ಲಿಂಗಪೂಜೆ ಆಗದೆ ಒಂದು ತುತ್ತು ಬಾಯಿಗಿಡುವವನಲ್ಲ. ಪೂಜೆಗೆ ಕೂಡುತ್ತಿದ್ದದ್ದು ಮಕ್ಕಳನ್ನು ಶಾಲೆಗೆ ಬಿಟ್ಟು ಬಂದ ಮೇಲೆ. ಗುಳಿಗೆ ಊಟವಲ್ಲವಲ್ಲ, ನೇಮ ಕೆಡಲಿಲ್ಲ. ಡಾಕ್ಟರ ಮಾತೂ ಮೀರಲಿಲ್ಲ, ಊಟಕ್ಕಿಂತ ಮೊದಲೇ ನುಂಗಿದ್ದ! ನಡುವೆ ಬರಿಗುಳಿಗೆ ಬರಿಹೊಟ್ಟೆಯಲ್ಲಿ ಕೂತು ರಕ್ತದ ಸಕ್ಕರೆಯನ್ನೆಲ್ಲ ಇಳಿಸಿ, ಬೆವರಿಸಿ, ನಡುಗಿಸಿ ಅವನನ್ನು ಕೆಡವುತ್ತಿತ್ತು.

"ಸಕ್ಕರಿ ಬ್ಯಾನಿಯಾಂವ ಗಾಡಿ ಹೊಡೀತಾನಂದ್ರ ಮಕ್ಕಳನ್ನ ಯಾರ ಕಳಸ್ತಾರ ತಂಗೀ?" ಕಾಕಾ ಕೇಳಿದ. ಆ ದನಿ ಮಾತ್ರ ನಾನು ಇವತ್ತಿಗೂ ಮಾಡಿ ತೋರಿಸಿಲ್ಲ.

"ಪೂಜಿ ಬಿಡ್ರಿ ಅನ್ನೂದಿಲ್ರಿ, ಗುಳಗಿ ಬಿಡ್ರಿ ಅಂತನೂ ಅಲ್ಲ" ಅಂದರು ಅಕ್ಕ. "ಗುಳಗಿ ನುಂಗಿ ಖಾಲಿ ಹೊಟ್ಟಿಲೆ ಗಾಡಿ ಹತ್ತಬ್ಯಾಡ್ರಿ. ನಾಳೆ ಡಾಕ್ಟರ್ ಕಡೆ ಹೋಗೂಣು. ಅವರು ಹೇಳೂ ತನಕ ಹ್ಯಾಂಡಲ್ ಮುಟ್ಟಬ್ಯಾಡ್ರಿ."

ಮರುದಿನ ಬೆಳಿಗ್ಗೆ ತಾಯಂದಿರು ಮಕ್ಕಳನ್ನು ಕರೆದುಕೊಂಡು ಬಂದು ನಿಂತಿದ್ದರು. ಕಾಕಾ ನನ್ನನ್ನು ಕರೆದ. "ಮಾಡಲೇ ಮಂಗ್ಯಾ. ನಾಯಿ ಬಿಟ್ಟು ಮಾಡು." ಎಲ್ಲರೆದುರು ಮಾಡಿದೆ. ಯಾರೂ ನಗಲಿಲ್ಲ. ಆಮೇಲೆ ಕಾಕಾ ತನಗೆ ಸಕ್ಕರೆ ಇರುವುದನ್ನು ತನ್ನ ಬಾಯಾರೆ ಹೇಳಿದ. ಒಬ್ಬ ತಾಯಿ ಮಗಳ ಪಾಟೀಚೀಲ ಹಿಡಿದು ಹಿಂದಕ್ಕೆ ಎಳೆದುಕೊಂಡಳು. "ಇಷ್ಟ ದಿನ ನಾಯಿ ನಾಯಿ ಅಂದ್ರಿ. ಇನ್ನ ಯಾರನ್ನ ನಂಬಿ ಹುಡುಗ್ರನ್ನ ಹತ್ತಸೂದ್ರಿ ಕಾಕಾ?"

ಕಾಕಾ ಅದಕ್ಕೆ ಕೊಟ್ಟ ಉತ್ತರದಿಂದಲೇ ನಾನು ಕಟ್ಟೆಯಿಂದ ಇಳಿದು ಟಂಟಂ ಹತ್ತಿದ್ದು. ಡಾಕ್ಟರ್ ಗುಳಿಗೆ ಬದಲಿಸಿದರು. ಕಾಕಾ ನಸುಕಿನಲ್ಲೇ ಎದ್ದು ಪೂಜೆ ಮುಗಿಸಿ, ರೊಟ್ಟಿ ತಿಂದು ಬರತೊಡಗಿದ. ಆದರೂ ಮತ್ತೆಂದೂ ಹ್ಯಾಂಡಲ್ ಮುಟ್ಟಲಿಲ್ಲ. ನನ್ನ ಬಾಜೂಕೇ ಕೂಡುತ್ತಿದ್ದ. ಕೈ ನಡುಗಿದರೆ ಬಾಯಿಗೆ ಹಾಕಿಕೊಳ್ಳಲೆಂದು ಬೆಲ್ಲದ ಡಬ್ಬಿ ಇಟ್ಟ. ಮಕ್ಕಳು ಅದನ್ನು ಪತ್ತೆ ಹಚ್ಚಿದರು. "ಕಾಕಾ, ನನ್ನ ಕೈನೂ ನಡಗಾಕತ್ತಾವ!" ಎಂದು ಹಿಂದಿನಿಂದ ಹತ್ತು ಕೈ ನಡುಗುತ್ತಿದ್ದವು. ನಡುಗುವುದನ್ನು ಅವರಿಗೆ ಕಲಿಸಿದ್ದು ನಾನೇ. ಕಾಕಾಗೂ ಗೊತ್ತಿತ್ತು...

ಹೋದ ಚಳಿಗಾಲದಲ್ಲಿ ಕಾಕಾ ಹೋದ. ರಸ್ತೆಯ ಮೇಲಲ್ಲ, ತನ್ನ ಪಡಸಾಲೆಯಲ್ಲೇ, ಎದೆ ಹಿಡಿದುಕೊಂಡು. ಸಂಶಿಗೆ ಹೋಗುವ ದಾರಿಯ ಎರಡೂ ಕಡೆ ಈಗ ಮತ್ತೆ ಕಡಲೆ ಹಸಿರಾಗಿದೆ. ಬಾಜೂ ಸೀಟಿನಲ್ಲಿ ನನ್ನ ಬುತ್ತಿ ಚೀಲ ಕೂತಿರುತ್ತದೆ, ಅದು ಬೈಯುವುದಿಲ್ಲ. ತಿರುವು ಬಂದಾಗ ನಾನೇ ಕಾಕಾನ ದನಿಯಲ್ಲಿ "ಸಾವಕಾಶಲೇ!" ಅಂದುಕೊಂಡು ನಾನೇ ಬ್ರೇಕ್ ಒತ್ತುತ್ತೇನೆ. ಮಕ್ಕಳು ನಗುತ್ತಾರೆ. ದನಿ ಅಗದಿ ಸರಿಯಾಗಿ ಬರುತ್ತದೆ, ಸೀಟು ಮಾತ್ರ ಖಾಲಿಯೇ.

ಮೊನ್ನೆ ಆ ಡಬ್ಬಿ ತೊಳೆದು ಹೊಸ ಬೆಲ್ಲ ತುಂಬುವಾಗ, ಆ ತಾಯಿಗೆ ಕಾಕಾ ಹೇಳಿದ್ದು ಅಕ್ಷರ ಬಿಡದೆ ನೆನಪಾಯಿತು. ನನ್ನ ಕಿವಿ ಹಿಡಿದು ಹ್ಯಾಂಡಲ್ ಹಿಂದೆ ಕೂರಿಸಿ, ತಾನು ಬಾಜೂಕ ಕೂತು ಅಂದಿದ್ದ:

"ಬೊಗಳಿದ ನಾಯಿ ಇವನ, ತಂಗೀ. ಇವತ್ತಿನಿಂದ ಗಾಡಿ ಇಂವ ಹೊಡೀತಾನ, ಬಾಜೂಕ ಕೂತು ನಾ ಬೊಗಳ್ತೀನಿ. ಹತ್ತಸು ಹುಡುಗೀನ, ಶಾಲಿಗೆ ಹೊತ್ತಾತು."