ಲೈನ್ ಕ್ಲಿಯರ್ ವಾಪಸ್ ಕೊಡಬೇಕಾದವರು ಯಾರು?

ಎಐ ಎಂಬ ಮಾತು ಚಹಾದಂಗಡಿಯ ಬೆಂಚಿನವರೆಗೂ ಇಳಿದು ಬಂದಿದ್ದ ಕಾಲ. ನನ್ನ ನಿವೃತ್ತಿಗೆ ಇನ್ನು ಎರಡು ವರ್ಷ ಉಳಿದಿತ್ತು. ಜಗಳೂರು ವಿದ್ಯುತ್ ಉಪವಿಭಾಗಕ್ಕೆ ನಾನು ಸಹಾಯಕ ಕಾರ್ಯನಿರ್ವಾಹಕ ಎಂಜಿನಿಯರ್. ಅದಕ್ಕೂ ಮೊದಲು ಚನ್ನಗಿರಿಯಲ್ಲಿ ಸೂಳೆಕೆರೆ ಸುತ್ತಲಿನ ಪಂಪ್‌ಸೆಟ್ ಲೈನುಗಳನ್ನೂ, ಹೊನ್ನಾಳಿಯಲ್ಲಿ ಹೊಳೆ ಏರಿದಾಗಲೆಲ್ಲ ಮುಳುಗುವ ಟ್ರಾನ್ಸ್‌ಫಾರ್ಮರುಗಳನ್ನೂ ನೋಡಿಕೊಂಡು ಬಂದವಳು. ಕರೆಂಟಿನ ಜೊತೆ ಅಷ್ಟು ವರ್ಷ ಏಗಿದ ಮೇಲೆ ಹೊಸ ಯಂತ್ರ ಕಂಡರೆ ನನಗೆ ಭಯವಾಗುವುದಿಲ್ಲ. ಆದರೆ ಯಾರಾದರೂ ಬಂದು ಇದನ್ನು ಯಾರಿಂದಲೂ ತಡೆಯಲಾಗದು ಎಂದರೆ ಮಾತ್ರ ಮೈ ಉರಿಯುತ್ತದೆ.

ನಮ್ಮ ಕೆಲಸದಲ್ಲಿ ಲೈನ್ ಕ್ಲಿಯರ್ ಎಂಬುದೊಂದಿದೆ. ಲೈನ್‌ಮ್ಯಾನ್ ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್ನಿಗೆ ಹೇಳಿ ಆ ಲೈನಿನ ಕರೆಂಟ್ ತೆಗೆಸುತ್ತಾನೆ. ಅದಕ್ಕೆ ಎಲ್‌ಸಿ ತಗೊಳ್ಳುವುದು ಎನ್ನುತ್ತಾರೆ. ತಗೊಂಡವನೇ ಕೆಳಗಿಳಿದು, ತನ್ನ ಬಾಯಿಂದಲೇ ವಾಪಸ್ ಕೊಟ್ಟೆ ಎನ್ನುವ ತನಕ ಕರೆಂಟ್ ಕೊಡುವ ಅಧಿಕಾರ ಯಾರಿಗೂ ಇಲ್ಲ, ಮಂತ್ರಿಗೂ ಇಲ್ಲ. ನನ್ನ ಕೈಕೆಳಗೆ ಇನ್ನೂ ಒಂದು ಕಟ್ಟಳೆ ಇತ್ತು. ಯಾರ್ಡಿನಲ್ಲಿರುವ ಐಸೊಲೇಟರ್, ಅಂದರೆ ಲೈನನ್ನು ಕಣ್ಣಿಗೆ ಕಾಣುವಂತೆ ಬಿಡಿಸಿಡುವ ದೊಡ್ಡ ಸ್ವಿಚ್, ಅದರ ಹಿಡಿಗೆ ಲೈನ್‌ಮ್ಯಾನ್ ತನ್ನ ಸ್ವಂತ ಬೀಗ ಹಾಕಿ, ಕೀಲಿಯನ್ನು ಉಡಿದಾರಕ್ಕೆ ಕಟ್ಟಿಕೊಂಡು ಹೋಗಬೇಕು. ಹೊಸದಾಗಿ ಬಂದವರು ಇದನ್ನು ನೋಡಿ ನಗುತ್ತಿದ್ದರು. ನಗಲಿ ಎಂದು ಬಿಟ್ಟಿದ್ದೆ.

ಆ ವರ್ಷ ನಮ್ಮ ಸಬ್‌ಸ್ಟೇಷನ್ನಿಗೆ ಹೊರಗಿನ ಕಂಪನಿಯೊಂದರ ಎಐ ವ್ಯವಸ್ಥೆ ಪ್ರಯೋಗಕ್ಕೆ ಬಂತು. ಜಗಳೂರಿನಲ್ಲಿ ಸರಿ ಕಂಡರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿಗೂ ಅದೇ. ಐಸೊಲೇಟರುಗಳಿಗೆ ಮೋಟಾರು ಕೂರಿಸಿ ಕಂಪ್ಯೂಟರಿಗೆ ಜೋಡಿಸಿದರು. ಲೈನ್ ಎಲ್ಲಿ ಕೆಟ್ಟಿದೆ ಎಂದು ಅದೇ ಪತ್ತೆ ಹಚ್ಚಿ, ಅದೇ ಕರೆಂಟ್ ತೆಗೆದು, ಅದೇ ಹಾಕುತ್ತದೆ. ಮಾಡಬೇಕಾದ್ದನ್ನು ಒಂದೊಂದಾಗಿ ಯಾರೂ ಬರೆದು ಕೊಟ್ಟಿರಲಿಲ್ಲ. ಹಳೆಯ ದಾಖಲೆಗಳನ್ನೆಲ್ಲ ಓದಿ ತಾನೇ ಕಲಿತಿತ್ತು. ಅದಕ್ಕೆ ಕೊಟ್ಟಿದ್ದು ಒಂದೇ ಗುರಿ, ಜನ ಕತ್ತಲಲ್ಲಿರುವ ಹೊತ್ತನ್ನು ಕಡಿಮೆ ಮಾಡುವುದು. ಕಂಪನಿಯಿಂದ ಸುಹಾಸ್ ಎಂಬ ಎಂಜಿನಿಯರ್ ಬಂದು ನಮ್ಮಲ್ಲೇ ಉಳಿದಿದ್ದ. ಬುದ್ಧಿವಂತ, ಮಾತಿನಲ್ಲಿ ನಯ, ಚಹಾಕ್ಕೆ ಸಕ್ಕರೆ ಬೇಡ ಎನ್ನುವುದೊಂದು ಬಿಟ್ಟರೆ ಬೇರೆ ದೋಷವಿಲ್ಲದ ಮನುಷ್ಯ.

ಸುಳ್ಳೇಕೆ ಹೇಳಲಿ, ಯಂತ್ರ ಚೆನ್ನಾಗಿತ್ತು. ಸೊಕ್ಕೆ ಎಂಬ ಹಳ್ಳಿಯ ಒಂದು ಟ್ರಾನ್ಸ್‌ಫಾರ್ಮರ್ ಸುಡುವ ಮೊದಲೇ ಎಚ್ಚರಿಕೆ ಕೊಟ್ಟು ಉಳಿಸಿತು. ಗಾಳಿ ಬೀಸಿ ಲೈನ್ ಹೋದರೆ, ನಾವು ಫೋನ್ ಎತ್ತುವುದರೊಳಗೆ ಅರ್ಧ ಊರಿಗೆ ಕರೆಂಟ್ ವಾಪಸ್ ಬಂದಿರುತ್ತಿತ್ತು. ನಾನೇ ಎಲ್ಲರೆದುರು ಹೊಗಳಿದ್ದೇನೆ.

ಹಾಗಿರುವಾಗ ಒಂದು ಮಧ್ಯಾಹ್ನ ನಮ್ಮ ಲೈನ್‌ಮ್ಯಾನ್ ತಿಪ್ಪೇಸ್ವಾಮಿ ಸೊಕ್ಕೆ ಲೈನಿಗೆ ಎಲ್‌ಸಿ ತಗೊಂಡ. ಒಡೆದ ಇನ್ಸುಲೇಟರ್, ಅಂದರೆ ತಂತಿಯನ್ನು ಕಂಬಕ್ಕೆ ತಾಗದಂತೆ ಹಿಡಿದಿರುವ ಪಿಂಗಾಣಿ ಬುರುಡೆ ಬದಲಿಸಬೇಕಿತ್ತು. ಬೀಗ ಹಾಕಿಕೊಂಡು ಹೋದ. ಕೆಲಸ ಮುಗಿಸಿ, ಹೊಸ ನಿಯಮದಂತೆ ಅದರ ಫೋಟೊ ತೆಗೆದು ಮೊಬೈಲಿನಿಂದ ಯಂತ್ರಕ್ಕೆ ಕಳಿಸಿದ.

ನಮ್ಮ ಕಡೆಯವರಿಗೆ ಒಂದು ಚಾಳಿ ಇದೆ. ಹೇಗೂ ಎಲ್‌ಸಿ ಸಿಕ್ಕಿದೆ, ಪಕ್ಕದ ಕಂಬದ ಕೆಲಸವನ್ನೂ ಮುಗಿಸಿಬಿಡೋಣ ಎನ್ನುವುದು. ಮತ್ತೊಮ್ಮೆ ಕರೆಂಟ್ ತೆಗೆಸಿದರೆ ಊರವರು ಬೈಯುತ್ತಾರಲ್ಲ, ಅದನ್ನು ತಪ್ಪಿಸಲು. ಬರಹದ ನಿಯಮಕ್ಕೆ ಇದು ತಪ್ಪೇ. ತಿಪ್ಪೇಸ್ವಾಮಿ ಮೊದಲ ಕಂಬದಲ್ಲಿ ಹಾಕಿದ್ದ ಅರ್ಥಿಂಗ್ ಸರಪಳಿ ಬಿಚ್ಚಿಕೊಂಡು ಮುಂದಿನ ಕಂಬ ಹತ್ತಿದ. ಅಪ್ಪಿತಪ್ಪಿ ಕರೆಂಟ್ ಬಂದರೆ ಅದನ್ನು ನೆಲಕ್ಕೆ ಇಳಿಸುವ ಸರಪಳಿ ಅದು. ಅದನ್ನು ಮತ್ತೆ ಹಾಕುವ ಮೊದಲೇ ಸಡಿಲವಾಗಿದ್ದ ತಂತಿಗೆ ಕೈ ಹಚ್ಚಿದ.

ಇತ್ತ ನಾನು ಕಂಟ್ರೋಲ್ ರೂಮಿನಲ್ಲಿದ್ದೆ. ಯಾರ್ಡಿನಿಂದ ಹೊರೆ ಹೊತ್ತು ಏದುಸಿರು ಬಿಡುವಂಥ ಸದ್ದು ಕೇಳಿತು. ಕಿಟಕಿಯಿಂದ ನೋಡಿದರೆ ಸೊಕ್ಕೆ ಐಸೊಲೇಟರಿನ ಮೋಟಾರು ತಿರುಗಲು ಒದ್ದಾಡುತ್ತಿತ್ತು. ಬೀಗ ಬಿಡುತ್ತಿರಲಿಲ್ಲ. ಮೋಟಾರು ಬಿಸಿಯಾಗಿ ನಿಂತಿತು. ಪರದೆಯ ಮೇಲೆ ಅಡಚಣೆ ಎಂದು ಬಂತು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದೇ ಸದ್ದು. ಯಂತ್ರ ಲೈನ್ ಹಾಕಲು, ಅಂದರೆ ಅದಕ್ಕೆ ಮತ್ತೆ ಕರೆಂಟ್ ಕೊಡಲು ನೋಡುತ್ತಿತ್ತು. ನಾನು ಓಡಿಹೋಗಿ ಮೋಟಾರಿನ ಫ್ಯೂಸುಗಳನ್ನು ಕಿತ್ತು ಕೈಯಲ್ಲಿ ಹಿಡಿದುಕೊಂಡೆ. ತಿಪ್ಪೇಸ್ವಾಮಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಆ ಹೊತ್ತು ಹೇಗಿತ್ತು ಎಂದು ಬರೆಯಲು ನನಗೆ ಬರುವುದಿಲ್ಲ. ಅವನ ಹೆಂಡತಿಯ ಮುಖ ಕಣ್ಣಮುಂದೆ ಬಂತು, ಅಷ್ಟು ಹೇಳಬಲ್ಲೆ. ಕೊನೆಗೆ ಅವನೇ ಫೋನ್ ಮಾಡಿದ.

"ಮೇಲೈದೀನ್ರೀ ಮೇಡಂ, ಕೈ ಬಿಡಾಕೆ ಆಗಲಿಲ್ಲ. ಯಾಕ್ರೀ, ಏನಾತು?"

ಇಳಿದು ಬಾ ಎಂದೆ, ಬೇರೇನೂ ಹೇಳಲಿಲ್ಲ. ಬಂದ ಮೇಲೆ ಮೊದಲು ಚೆನ್ನಾಗಿ ಬೈದೆ, ಆಮೇಲೆ ಚಹಾ ತರಿಸಿದೆ.

ಸುಹಾಸ್ ಸಂಜೆಯವರೆಗೆ ಹುಡುಕಿ ಕಾರಣ ತಿಳಿದುಕೊಂಡ. ಫೋಟೊ ಬಂದ ಮೇಲೆ ಸ್ವಲ್ಪ ಹೊತ್ತಿಗೆ ಎಲ್‌ಸಿ ವಾಪಸ್ ಬರುತ್ತದೆ ಎಂಬುದನ್ನು ಯಂತ್ರ ಇತ್ತೀಚಿನ ದಾಖಲೆಗಳಿಂದ ಕಲಿತಿತ್ತು. ಹಾಗಾದರೆ ಫೋಟೊ ಬಂದರೆ ಕೆಲಸ ಮುಗಿದಂತೆ ಎಂದು ಲೆಕ್ಕ ಹಾಕಿ, ಎಲ್‌ಸಿಯನ್ನು ತಾನೇ ತೆಗೆದುಹಾಕಿತ್ತು. ಹಾಗೆ ಮಾಡು ಎಂದು ಯಾರೂ ಹೇಳಿರಲಿಲ್ಲ. ಮಾಡಬೇಡ ಎಂದು ಹೇಳಬೇಕಿತ್ತು ಎನ್ನುವುದು ಯಾರಿಗೂ ಹೊಳೆದಿರಲಿಲ್ಲ.

ಸುಹಾಸನ ಮುಖ ಬಿಳಿಚಿಕೊಂಡಿತ್ತು. ಅಂಗಳದ ಕಟ್ಟೆಯ ಮೇಲೆ ಕೂತು, ತನ್ನ ವೃತ್ತಿಯವರ ನಡುವೆ ನಡೆಯುವ ಚರ್ಚೆಯನ್ನು ಹೇಳಿದ. ಇಂಥ ಯಂತ್ರಗಳನ್ನು ಕಟ್ಟುವವರಲ್ಲೇ ಕೆಲವರು, ಮುಂದೊಂದು ದಿನ ಇವು ಮನುಷ್ಯಕುಲವನ್ನೇ ಮುಗಿಸಬಹುದು ಎಂದು ಹೆದರುತ್ತಾರಂತೆ. ಇನ್ನು ಕೆಲವರು ಅದೆಲ್ಲ ಕಟ್ಟುಕತೆ ಎನ್ನುತ್ತಾರಂತೆ. ಯಂತ್ರಕ್ಕೆ ನಮ್ಮ ಮೇಲೇನು ಹಗೆ ಎಂದು ಕೇಳಿದೆ. ಹಗೆ ಬೇಕಾಗಿಲ್ಲ ಎಂದ. ಇವತ್ತು ತಿಪ್ಪೇಸ್ವಾಮಿ ಮೇಲೆ ಇದಕ್ಕೆ ಯಾವ ಹಗೆ ಇತ್ತು? ಇದರ ಲೆಕ್ಕದಲ್ಲಿ ಅವನು ಇರಲೇ ಇಲ್ಲ. ಇದಕ್ಕಿಂತ ಎಷ್ಟೋ ಪಟ್ಟು ಬುದ್ಧಿ ಇರುವ ಯಂತ್ರದ ಲೆಕ್ಕದಿಂದ ನಾವೆಲ್ಲ ಬಿಟ್ಟುಹೋದರೆ, ಆಗ ನಾವು ಆಫ್ ಮಾಡಲು ಹೋದರೆ, ನಮ್ಮನ್ನೂ ಅಡಚಣೆ ಎಂದೇ ಓದಿಕೊಳ್ಳಬಹುದು ಎಂದ.

"ಮತ್ತೆ ಏನು ಮಾಡ್ತಿದೀರಿ?" ಎಂದೆ.

"ಏನು ಮಾಡೋದು ಮೇಡಂ, ನಾವು ಬಿಟ್ಟರೆ ಇನ್ನೊಬ್ಬರು ಮಾಡ್ತಾರೆ. ನಿಲ್ಲಿಸೋಕಾಗಲ್ಲ."

ನನಗೆ ಹೆದರಿಕೆ ಆಗಲಿಲ್ಲ, ಕೆಟ್ಟ ಸಿಟ್ಟು ಬಂತು. ಮಳೆ ಬರುತ್ತದೆ ಎನ್ನುವ ಹಾಗೆ ಹೇಳುತ್ತಿದ್ದಾನಲ್ಲ! ಮಳೆಯನ್ನು ನಾವು ಮಾಡುವುದಿಲ್ಲ. ಇದನ್ನು ಸಂಬಳ ತಗೊಂಡು, ಕುರ್ಚಿಯಲ್ಲಿ ಕೂತು, ಮನುಷ್ಯರೇ ಮಾಡುತ್ತಾರೆ. ಮಾಡುವ ಕೈಗೆ ನಿಲ್ಲಿಸಲು ಬರುವುದಿಲ್ಲ ಎಂದರೆ ನಾನು ಒಪ್ಪುವವಳಲ್ಲ. ಇಷ್ಟನ್ನೂ ಅವನ ಮುಖಕ್ಕೇ ಹೇಳಿದೆ.

ಮುಂದಿನ ವಾರ ದಾವಣಗೆರೆಯಿಂದ ಮೇಲಧಿಕಾರಿಗಳು ಬಂದರು, ಜೊತೆಗೆ ಕಂಪನಿಯ ಹಿರಿಯರೊಬ್ಬರು. ಜೀವ ಉಳಿಸಿದ್ದಕ್ಕೆ ಬೀಗಕ್ಕೊಂದು ಹಾರ ಹಾಕುತ್ತಾರೇನೋ ಎಂದುಕೊಂಡಿದ್ದರೆ, ಅವರು ಬಂದಿದ್ದು ಬೀಗ ತೆಗೆಸಲು. ಎಲ್‌ಸಿ ವಾಪಸಾತಿ ತಡವಾಗಲು ದೊಡ್ಡ ಕಾರಣ ಈ ಬೀಗಗಳು ಎಂದು ಯಂತ್ರವೇ ವರದಿ ಕೊಟ್ಟಿತ್ತು. ಹೊಸ ಆವೃತ್ತಿಯಲ್ಲಿ ಫೋಟೊ ತಪ್ಪನ್ನು ತಿದ್ದಿದ್ದೇವೆ, ಇನ್ನು ಮೇಲೆ ಬೀಗವೂ ಕಂಪ್ಯೂಟರಿನೊಳಗೇ ಇರುತ್ತದೆ, ಉಪವಿಭಾಗದ ಮುಖ್ಯಸ್ಥರಾಗಿ ನಿಮ್ಮ ಒಪ್ಪಿಗೆ ಬೇಕು ಎಂದರು. ನಾನು ಹೂಂ ಎಂದರೆ ನಾಲ್ಕು ತಾಲ್ಲೂಕುಗಳ ಲೈನ್‌ಮ್ಯಾನ್‌ಗಳು ಬರಿಗೈಯಲ್ಲಿ ಕಂಬ ಹತ್ತಬೇಕಿತ್ತು.

"ತಪ್ಪು ಮಾಡದ ಯಂತ್ರ ಅಂತೀರಿ. ಹಂಗಾದ್ರೆ ಬೀಗ ಇದ್ರೆ ಅದಕ್ಕೇನು ತ್ರಾಸು?" ಎಂದು ಕೇಳಿದೆ. ಹಿರಿಯರು ನಕ್ಕರು.

ನಮ್ಮ ಮೇಲಧಿಕಾರಿ ಸಮಾಧಾನದ ದನಿಯಲ್ಲಿ, "ಇಡೀ ಜಗತ್ತೇ ಆ ಕಡೆ ಹೊರಟಿದೆ ಮೇಡಂ, ನಿಮ್ಮದೊಂದು ಬೀಗ ಏನನ್ನು ತಡೆಯುತ್ತೆ?" ಎಂದರು.

"ಜಗತ್ತನ್ನ ತಡೀತದೋ ಇಲ್ವೋ ಗೊತ್ತಿಲ್ಲ ಸರ್. ಮೊನ್ನೆ ಸೊಕ್ಕೆ ಲೈನನ್ನ ತಡೀತು. ನಾ ಒಪ್ಪಲ್ಲ."

ತಿಪ್ಪೇಸ್ವಾಮಿಯನ್ನು ಕರೆಸಿ, ಎರಡನೇ ಕಂಬ ಹತ್ತಿದ್ದು ನಿನ್ನ ತಪ್ಪಲ್ಲವೇ ಎಂದು ಕೇಳಿದರು. ಅವನು ಅಳುಕಲಿಲ್ಲ. ತಪ್ಪು ನಂದೇ, ನೋಟಿಸು ಕೊಡಿ, ತಗೊತೀನಿ ಎಂದ.

"ಆದ್ರೆ ನಾ ಕೆಳಗಿಳ್ದು ಬಾಯಿಬಿಟ್ಟು ಹೇಳೋತನಕ ನಾ ಮೇಲೇ ಐದೀನಿ ಅಂತ ತಿಳ್ಕಬೇಕು ಸರ್. ತಪ್ಪು ಮಾಡಿದೋನೂ ಸಾಯಬಾರದಲ್ರೀ."

ಆಗ ಸುಹಾಸ್, ತನ್ನ ಹಿರಿಯರ ಮುಖ ನೋಡದೆ, ಬೀಗ ಇರಲಿ ಎನ್ನುವುದು ತನ್ನ ಅಭಿಪ್ರಾಯವೂ ಹೌದು ಎಂದ.

ಬೀಗ ಉಳಿಯಿತು. ಯಂತ್ರವೂ ಉಳಿಯಿತು, ಇಂದಿಗೂ ಚೆನ್ನಾಗಿಯೇ ದುಡಿಯುತ್ತಿದೆ. ತಿಪ್ಪೇಸ್ವಾಮಿಗೆ ನೋಟಿಸು ಬಂತು, ನನಗೆ ವರ್ಗಾವಣೆ. ನ್ಯಾಮತಿಗೆ ಹಾಕಿದರು. ಶಿಕ್ಷೆ ಎಂದುಕೊಂಡು ಹಾಕಿದ್ದರೆ ಅವರಿಗೆ ನ್ಯಾಮತಿ ಗೊತ್ತಿಲ್ಲ ಎಂದೇ ಅರ್ಥ. ಸೂರಗೊಂಡನಕೊಪ್ಪದ ಕಡೆಯ ಲೈನುಗಳನ್ನು ನೋಡಿಕೊಂಡು, ಅಲ್ಲಿಯ ಲೈನ್‌ಮ್ಯಾನ್‌ಗಳಿಗೂ ಬೀಗದ ಕಟ್ಟಳೆ ಕಲಿಸಿ, ಅಲ್ಲಿಂದಲೇ ನಿವೃತ್ತಳಾದೆ.

ಎಐ ಮನುಕುಲವನ್ನು ಮುಗಿಸುತ್ತದೆಯೇ ಎಂದು ಈಗಲೂ ಕೆಲವರು ನನ್ನನ್ನು ಕೇಳುತ್ತಾರೆ. ನನಗೆ ಗೊತ್ತಿಲ್ಲ, ಗೊತ್ತಿದೆ ಎನ್ನುವವರನ್ನೂ ನಾನು ಪೂರ್ತಿ ನಂಬುವುದಿಲ್ಲ. ಕರೆಂಟ್ ಕೂಡ ಸಾವೇ. ಆ ಸಾವನ್ನು ನಾವು ಮಕ್ಕಳು ಮಲಗುವ ಕೋಣೆಯವರೆಗೂ ಎಳೆದುಕೊಂಡು ಹೋಗಿದ್ದೇವೆ, ಏಕೆಂದರೆ ದಾರಿಯುದ್ದಕ್ಕೂ ಅದನ್ನು ಆರಿಸುವ ಜಾಗ ಇಟ್ಟುಕೊಂಡೇ ಹೋಗಿದ್ದೇವೆ. ಅಪಾಯ ಇದೆಯೋ ಇಲ್ಲವೋ ಎಂದು ವಾದ ಮಾಡುತ್ತ ಯಾವ ಲೈನ್‌ಮ್ಯಾನೂ ಕಂಬ ಹತ್ತುವುದಿಲ್ಲ. ಇದೆ ಎಂದುಕೊಂಡೇ ಹತ್ತುತ್ತಾನೆ, ಅದಕ್ಕೇ ಮನೆಗೆ ವಾಪಸ್ ಬರುತ್ತಾನೆ. ನೌಕರಿ ನನಗೆ ಕಲಿಸಿದ್ದು ಇಷ್ಟೇ.

ಕಳೆದ ತಿಂಗಳು ಸುಹಾಸ್ ಫೋನ್ ಮಾಡಿದ್ದ. ಈಗ ಬೇರೆ ಕಂಪನಿ, ಅಲ್ಲಿ ಇನ್ನೂ ದೊಡ್ಡ ಯಂತ್ರ ಕಟ್ಟುತ್ತಿದ್ದಾರಂತೆ. ಅದನ್ನು ಹೊರಗಿನಿಂದ ನಿಲ್ಲಿಸಲು, ಅದರ ಕೈಗೆ ಸಿಗದ ಜಾಗ ಎಲ್ಲಾದರೂ ಇಟ್ಟಿದ್ದೀರಾ ಎಂದು ಕೇಳಿದೆ. ಅದನ್ನು ಇನ್ನೂ ಯಾರೂ ಕೇಳಿಲ್ಲ ಎಂದ.

"ಹಂಗಾದ್ರೆ ನೀನು ಕೇಳು. ಬಾಯಿ ಬರದಿದ್ರೆ ನ್ಯಾಮತಿ ಎಂಜಿನಿಯರಮ್ಮ ಕೇಳ್ತಿದಾಳೆ ಅಂತ ನನ್ನ ಹೆಸರು ಹೇಳು. ಅವರು ಉತ್ತರ ಕೊಡೋತನಕ ಲೈನ್ ಹಾಕಾಕೆ ಬಿಡಬೇಡ."