ಬೀದಿಗೆ ಮುಖ ಮಾಡಿದ ಚಪ್ಪಲಿ

ಹೊಳೆನರಸೀಪುರದಿಂದ ಬಸ್ಸಿನಲ್ಲಿ ಅರಕಲಗೂಡಿಗೆ ಬಂದವನು ಸ್ನೇಹಿತ ಶಾಮಣ್ಣನ ಮನೆ ಹೊಕ್ಕೆ. ಕಾಲೇಜು ಮೇಷ್ಟರಾದ ಶಾಮಣ್ಣ, ಜಪಾನಿ ಸಿನಿಮಾಗಳಲ್ಲಿ ಅಲ್ಲಿನ ಸಮಾಜ ಹೇಗೆ ಕಾಣುತ್ತದೆಂದು ಒಂಬತ್ತು ವರ್ಷದಿಂದ ಸಂಶೋಧಿಸುತ್ತಿದ್ದಾನೆ. ಸಿನಿಮಾ ನೋಡಿದ್ದು ಬಾಡಿಗೆ ವಿಸಿಆರ್‌ನಲ್ಲಿ, ಭಾಷೆ ಕಲಿತದ್ದು ಕ್ಯಾಸೆಟ್ಟಿನಿಂದ. ಜಪಾನನ್ನೊಂದು ನೋಡಿಲ್ಲ, ಅಷ್ಟೆ.

ನಾನು ಚಪ್ಪಲಿ ಬಿಟ್ಟದ್ದೇ ತಡ, ಪೂಜೆಗೆ ಕೂತವನಂತೆ ಮಂಡಿಯೂರಿ ಅವನ್ನು ಬೀದಿಯ ಕಡೆಗೆ ಮುಖ ಮಾಡಿ ಜೋಡಿಸಿದ.

"ರೀ, ಬಂದೋರ್ನ ಈಗ್ಲೇ ಓಡಿಸ್ತೀರಾ?" ಎಂದರು ಅವನ ಹೆಂಡತಿ ಲಲಿತಮ್ಮ.

"ಹೊರಡೋವಾಗ ಸಲೀಸಾಗಿ ಮೆಟ್ಕೊಳ್ಳಲಿ ಅಂತ. ಅತಿಥಿಗೆ ಜಪಾನಲ್ಲಿ ಇದೇ ಮರ್ಯಾದೆ ಕಣೇ."

"ಮೊನ್ನೆ ನಮ್ಮಣ್ಣಂಗೂ ಇದೇ ಮರ್ಯಾದೆ ಆಯ್ತು. ಕಾಫೀನೂ ಕುಡೀದೆ ಹೊರಟ್ಬುಟ್ಟ."

ನಾನು ನಗುತ್ತಲೇ, ಜಪಾನಿಗೆ ಹೋಗಿ ಓದಲು ಶಾಮಣ್ಣ ಹಾಕಿದ್ದ ವಿದ್ಯಾರ್ಥಿವೇತನದ ಅರ್ಜಿ ಏನಾಯಿತೆಂದು ಕೇಳಿದೆ.

"ವಯಸ್ಸು ಮೀರಿತಂತೆ ಕಣಯ್ಯ. ನಿನ್ನೆ ಕಾಗದ ಬಂತು" ಎಂದ ಶಾಮಣ್ಣ. ಆಗಲೇ ನೆಟ್ಟಗಿದ್ದ ನನ್ನ ಎಡಗಾಲಿನ ಚಪ್ಪಲಿಯನ್ನು ಇನ್ನೊಮ್ಮೆ ನೆಟ್ಟಗೆ ಮಾಡಿದ.

ಲಲಿತಮ್ಮ ಒಳಗೆ ಹೋಗಿ ಕಾಫಿ ತಂದರು. ನನ್ನ ಲೋಟ ಅರಕಲಗೂಡಿನ ಪದ್ಧತಿಯಂತೆ ಟಣ್ ಎಂದು ಸ್ಟೂಲಿನ ಮೇಲೆ ಕೂತಿತು. ಅವನ ಲೋಟವನ್ನು ಮಾತ್ರ ಆಕೆ ಎರಡೂ ಕೈಯಲ್ಲಿ ಹಿಡಿದು, ಎದುರಿಗೆ ಮಂಡಿಯೂರಿ, ತಲೆ ಬಾಗಿಸಿ ನೀಡಿದರು. ಒಂಬತ್ತು ವರ್ಷ ಆ ಸಿನಿಮಾಗಳನ್ನು ಅವರೂ ನೋಡಿದ್ದರು.

ಶಾಮಣ್ಣ ಅವರಿಗಿಂತ ಕೆಳಗೆ ಬಾಗಿ ತೆಗೆದುಕೊಂಡ. ತಲೆ ಎತ್ತಲು ಸ್ವಲ್ಪ ಹೊತ್ತು ಹಿಡಿಯಿತು.