ಬಾಗಿಲ ಮುಂದೆ ನಿಂತ ಕತ್ತಿಯವನು

ರೀಲರ್ ಚಾಚಾನ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಬಿಸಿನೀರಲ್ಲಿ ರೇಷ್ಮೆಗೂಡು ಮುಳುಗಿಸಿ ಎಳೆ ಹುಡುಕಿದ ಬೆರಳುಗಳು ಬೆಂದು ಬಿಳಿಚಿ, ಸಿಪ್ಪೆ ಸುಲಿದ ಬಾದಾಮಿಯ ಹಾಗಿದ್ದವು. ರೇಷನ್ ಅಂಗಡಿಯ ಯಂತ್ರ ಅವರ ಹೆಬ್ಬೆಟ್ಟನ್ನು ಒಂದು ತಿಂಗಳೂ ಸಲೀಸಾಗಿ ಒಪ್ಪಿದ್ದಿಲ್ಲ. "ಮೆಷಿನ್ ಪ್ರಕಾರ ನಾನು ಇಲ್ಲವೇ ಇಲ್ಲ ಕಣಮ್ಮ," ಎಂದು ನಗುತ್ತ ಪಕ್ಕಕ್ಕೆ ಸರಿದು ನಿಲ್ಲುತ್ತಿದ್ದರು.

ಶಿಡ್ಲಘಟ್ಟದಲ್ಲಿ ಅವರದೊಂದು ಪುಟ್ಟ ನೂಲು ಬಿಚ್ಚುವ ಶೆಡ್ಡು. ನಮ್ಮದು ಊರಾಚೆ ಹುಳು ಸಾಕುವ ಮನೆ. ಗೂಡು ಹೇಗೆ ಬರುತ್ತಿದೆ ಎಂದು ನೋಡುವ ನೆಪದಲ್ಲಿ ಬರುತ್ತಿದ್ದರು. ನೆಪ ಅಂದೆ, ಯಾಕೆಂದರೆ ಅವರ ಕೈಚೀಲದಲ್ಲಿ ಯಾವಾಗಲೂ ಒಂದು ಹಳದಿ ತಿರುಗಿದ ಇಂಗ್ಲಿಷ್ ಪತ್ರಿಕೆ ಇರುತ್ತಿತ್ತು. ಮುಖಪುಟದಲ್ಲಿ ಕತ್ತಿ ಹಿರಿದವನೊಬ್ಬ, ಒಂದು ಹಾವು, ಹೊಗೆಯೊಳಗೆ ಮಂತ್ರವಾದಿ. ರದ್ದಿಯಲ್ಲಿ ಸಿಕ್ಕ ಇಂಥವು ಅವರ ಟ್ರಂಕಿನ ತುಂಬ ಇದ್ದವು. ಒಂಬತ್ತನೇ ಕ್ಲಾಸಿಗೆ ಓದು ಬಿಟ್ಟವರು, ಡಿಕ್ಷನರಿ ಹಿಡಿದು ಒಂದೊಂದೇ ಸಾಲು ಬಿಡಿಸುತ್ತಿದ್ದರು. ಬಿಡಿಸಲಾಗದ್ದನ್ನು ಪಿಯುಸಿ ಓದುತ್ತಿದ್ದ ನನ್ನ ಹತ್ತಿರ ತರುತ್ತಿದ್ದರು. ಶೆಡ್ಡಿನವರಿಗೆ ಅದೊಂದು ತಮಾಷೆ. "ಈ ವಯಸ್ಸಲ್ಲಿ ಜಾದೂಗಾರನ ಕಥೆ ಓದ್ತಾರೆ," ಎಂದು ರೇಗಿಸುತ್ತಿದ್ದರಂತೆ. ಮನೆಯಲ್ಲೂ ಅವರು ಈ ಕಥೆಗಳ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ.

"ಇಂಥಾ ಕಥೆ ಮೊದಮೊದಲು ಬರೆದೋರಲ್ಲಿ ಒಬ್ಬ ಇದ್ದ," ಎಂದು ಒಮ್ಮೆ ಹೇಳಿದ್ದರು. "ಅಮೆರಿಕಾದಲ್ಲೇ, ಆದ್ರೆ ನಮ್ಮ ಥರದ್ದೇ ಒಣ ಊರು. ಅಲ್ಲಿ ಕೂತ್ಕೊಂಡು ಇಲ್ಲದೇ ಇರೋ ದೇಶ, ಇಲ್ಲದೇ ಇರೋ ರಾಜರು, ಎಲ್ಲಾ ಅವನೇ ಕಟ್ಟಿದ. ಊರೋರಿಗೆ ಅವನು ಅರ್ಥ ಆಗ್ಲಿಲ್ಲ. ಚಿಕ್ಕ ವಯಸ್ಸಲ್ಲೇ ಹೋಗ್ಬಿಟ್ಟ. ತಾನು ಬರೀತಿರೋದಕ್ಕೆ ಏನಂತಾರೆ ಅಂತ ಅವನಿಗೇ ಗೊತ್ತಿರಲಿಲ್ಲ."

"ಮತ್ತೆ ಹೆಸರು ಯಾರಿಟ್ರು ಚಾಚಾ?"

"ಎಷ್ಟೋ ವರ್ಷ ಆದ್ಮೇಲೆ ಇಂಥಾ ಕಥೆ ಬರೆಯೋ ಇನ್ನಿಬ್ಬರು. ಒಬ್ಬ ಪತ್ರಿಕೆಯಲ್ಲಿ ಕೇಳ್ದ, ಇದನ್ನ ಏನಂತ ಕರೆಯೋಣ ಅಂತ. ಇನ್ನೊಬ್ಬ ಹೇಳ್ದ, ಕತ್ತಿ ಮತ್ತು ಮಾಟದ ಕಥೆ ಅನ್ನೋಣ ಅಂತ. ಇಬ್ರು ಬೇಕು ಕಣಮ್ಮ. ಕೇಳೋಕೊಬ್ಬ, ಹೇಳೋಕೊಬ್ಬ."

ಆ ಇಬ್ಬರಲ್ಲಿ ಕೇಳುವವರು ಅವರು. ಹೇಳುವವಳು ನಾನಾಗಿದ್ದೆ, ಅದೂ ಬಿಡುವಿದ್ದಾಗ ಮಾತ್ರ.

ಅವರಿಗೆ ತುಂಬ ಹಿಡಿಸಿದ್ದು ಹೆಸರಿಲ್ಲದ ಕತ್ತಿಯವನ ಕಥೆ. ತಮ್ಮನ ಪ್ರಾಣ ಉಳಿಸಲು ಅವನು ತನ್ನ ಹೆಸರನ್ನೇ ಮಂತ್ರವಾದಿಗೆ ಕೊಟ್ಟುಬಿಟ್ಟಿರುತ್ತಾನೆ. ಅಂದಿನಿಂದ ಯಾರೂ ಅವನನ್ನು ಕೂಗಿ ಕರೆಯಲಾರರು. ಊರೂರು ಅಲೆದು ಕೊನೆಗೆ ಮಂತ್ರವಾದಿಯ ಬಾಗಿಲಿಗೆ ಬಂದು ತಟ್ಟಲು ಕೈ ಎತ್ತುತ್ತಾನೆ. ಅಲ್ಲಿಗೆ ಪುಟ ಮುಗಿಯುತ್ತದೆ. ಕೊನೆಯ ಎರಡು ಹಾಳೆ ಕಿತ್ತು ಬಿಡಿಯಾಗಿದ್ದವು, ಅವನ್ನು ಚಾಚಾ ಇನ್ನೂ ಬಿಡಿಸಿ ಓದಿರಲಿಲ್ಲ. ನಾನು ಓದಿ ಹೇಳಲಿ ಎಂದು ಪತ್ರಿಕೆ ಬಿಟ್ಟುಹೋದರು.

ಆ ವಾರ ನಮ್ಮಲ್ಲಿ ಮರಿಹುಳು, ನನಗೆ ಓದಲು ಬಿಡುವಾಗಲಿಲ್ಲ. ತಟ್ಟೆಗೆ ಹಾಸಲು ಹಳೇ ಪೇಪರು ಸಾಲದೆ, ಕೈಗೆ ಸಿಕ್ಕ ಹಾಳೆಗಳನ್ನು ಹಾಸಿದೆ. ನಾನೇ, ನನ್ನ ಕೈಯಾರೆ. ಎರಡು ದಿನ ಬಿಟ್ಟು ಚಾಚಾ ಬಂದಾಗ ತಟ್ಟೆಯ ಅಂಚಿನಲ್ಲಿ ಇಣುಕುತ್ತಿದ್ದ ಆ ಬಿಡಿ ಹಾಳೆಗಳ ಇಂಗ್ಲಿಷ್ ಅಕ್ಷರಗಳನ್ನು ಅವರೇ ಮೊದಲು ಕಂಡರು. ನಾನು ತಕ್ಷಣ ಹಾಳೆ ಎಳೆಯಲು ಕೈ ಹಾಕಿದೆ. ಅವರು ನನ್ನ ಕೈ ಹಿಡಿದರು.

"ಬೇಡಮ್ಮ. ಹುಳ ಜ್ವರಕ್ಕೆ ಕೂತಿದೆ."

ಪೊರೆ ಬಿಡುವ ಮುಂಚೆ ಹುಳು ಸೊಪ್ಪು ಮುಟ್ಟದೆ ತಲೆಯೆತ್ತಿ ಕೂರುತ್ತದೆ. ಆಗ ಅದನ್ನು ಅಲುಗಿಸಬಾರದು. "ಏಳ್ಲಿ, ಆಮೇಲೆ ನೋಡಣ," ಎಂದರು. ಹುಳು ಎದ್ದು, ಸೊಪ್ಪು ತಿಂದು, ತಟ್ಟೆ ಬದಲಿಸುವ ಹೊತ್ತಿಗೆ ಹಾಳೆಗಳು ಹಿಕ್ಕೆಯಲ್ಲಿ ನೆನೆದು ಮುದ್ದೆಯಾಗಿದ್ದವು. ಒಂದು ಅಕ್ಷರವೂ ಉಳಿದಿರಲಿಲ್ಲ. ಚಾಚಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅಂದಿನಿಂದ ಸಿಕ್ಕಾಗಲೆಲ್ಲ ಒಂದೇ ಪ್ರಶ್ನೆ: "ಅವನು ಬಾಗಿಲು ತಟ್ಟಿದ್ನಾ, ವಾಪಸ್ ಹೋದ್ನಾ? ನಿನಗೇನನ್ಸುತ್ತೆ?" ನಾನು ನಕ್ಕು ಮಾತು ತೇಲಿಸುತ್ತಿದ್ದೆ. ಗೌರಿಬಿದನೂರಿನಲ್ಲಿ ಟೀಚರ್ ಕೆಲಸ ಸಿಕ್ಕಿ ಹೊರಟ ಮೇಲೆ ಆ ಪ್ರಶ್ನೆ ಮೊಬೈಲಿಗೆ ಬರತೊಡಗಿತು. ಹೋದ ವರ್ಷ ಬಂದ ಕೊನೆಯ ವಾಯ್ಸ್ ಮೆಸೇಜಿನಲ್ಲಿ ದನಿ ಬಹಳ ಇಳಿದಿತ್ತು. "ನಾನು ಎಷ್ಟೋ ಥರ ಮುಗಿಸಿ ನೋಡ್ದೆ ಅಮ್ಮ. ಒಬ್ನೇ ಮುಗಿಸಿದ್ರೆ ಸರಿ ಹೋಗಲ್ಲ. ನೀನು ಹೇಳು." ಪರೀಕ್ಷೆ ಪೇಪರು ತಿದ್ದುವುದಿತ್ತು. ಆಮೇಲೆ ಹೇಳಿದರಾಯಿತು ಎಂದುಕೊಂಡೆ. ಹನ್ನೊಂದನೇ ದಿನ ಅಪ್ಪ ಫೋನ್ ಮಾಡಿ, ಚಾಚಾ ಹೋಗಿಬಿಟ್ಟರು ಎಂದರು.

ನಾನು ಹೋದಾಗ ಚಾಚಿ ಒಬ್ಬರೇ ಟ್ರಂಕಿನ ಪಕ್ಕ ಕೂತಿದ್ದರು. "ಇದರಲ್ಲಿ ಏನಿದೆ ಬೇಟಿ? ನನಗೆ ಒಂದಿನಾನೂ ಹೇಳ್ಲಿಲ್ಲ. ನಾನೂ ಕೇಳ್ಲಿಲ್ಲ," ಎಂದರು. ನಾನು ಹೆಸರಿಲ್ಲದ ಕತ್ತಿಯವನ ಕಥೆ ಹೇಳಿದೆ. ತಮ್ಮ, ಮಂತ್ರವಾದಿ, ಊರೂರು ಅಲೆದದ್ದು, ಬಾಗಿಲು, ಎತ್ತಿದ ಕೈ. ಅಲ್ಲಿಗೆ ನಿಲ್ಲಿಸಿದೆ.

ಚಾಚಿ ಸೆರಗಿನಿಂದ ಕಣ್ಣೊರೆಸಿಕೊಂಡು ನನ್ನ ಮುಖ ನೋಡಿದರು. "ಆಮೇಲೆ?"

"ತಟ್ಟಿದ ಚಾಚಿ," ಎಂದೆ.

ಇಷ್ಟೇ ಮಾತು. ಹನ್ನೊಂದು ದಿನ ಅದು ನನ್ನ ಬಾಯಲ್ಲೇ ಇತ್ತು.